ಜೀಪಿನ ಬೆಲೆ

ಮನುಷ್ಯನಿಗಿರುವ ಮೋಹಗಳಲ್ಲಿ ವಾಹನದ ಮೋಹವು ಬಹು ಪುರಾತನವಾದುದು. ದೇವತೆಗಳೇ ಇದರಿಂದ ಪಾರಾಗಿಲ್ಲ. ಈಶ್ವರನಿಗೆ ನಂದಿ, ವಿಷ್ಣುವಿಗೆ ಗರುಡ, ಸುಬ್ರಹ್ಮಣ್ಯನಿಗೆ ನವಿಲು. ಅಷ್ಟು ದೊಡ್ಡ ಹೊಟ್ಟೆಯ ಗಣಪತಿಯೂ ನಡೆದುಹೋಗಲು ಒಪ್ಪದೆ ಇಲಿಯೊಂದನ್ನು ಇಟ್ಟುಕೊಂಡಿದ್ದಾನೆ. ಯಾವ ದೇವತೆಗೆ ಯಾವ ವಾಹನವೆಂಬುದು ಪುರಾಣಗಳಲ್ಲಿ ನಿಶ್ಚಯವಾಗಿರುವುದರಿಂದ ಅಲ್ಲಿ ಕೊಳ್ಳುವ, ಮಾರುವ ಪ್ರಶ್ನೆಯೇ ಹುಟ್ಟಲಿಲ್ಲ. ಮನುಷ್ಯನಿಗೆ ಆ ಅನುಕೂಲವಿಲ್ಲ. ಅವನು ತನ್ನ ವಾಹನವನ್ನು ತಾನೇ ಹುಡುಕಬೇಕು, ಹಲ್ಲು ಹಿಡಿದು ನೋಡಬೇಕು, ಬೆಲೆ ಕಟ್ಟಬೇಕು, ಚೌಕಾಶಿ ಮಾಡಬೇಕು, ಕೊನೆಗೆ ಮನೆಗೆ ತಂದು ಮನೆಯವರ ಮಾತನ್ನೂ ಕೇಳಬೇಕು.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಜನರಿಗೆ ಯಾವುದಾದರೊಂದು ಮೋಟಾರು ವಾಹನವು ವಿಧಿಯಿಂದಲೇ ನೇಮಕವಾಗಿದೆಯೆಂದು ಹೇಳುವುದಾದರೆ ಅದು ಜೀಪೇ ಸರಿ. ಆಗುಂಬೆ, ಹುಲಿಕಲ್ಲುಗಳ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಮನೆಗಳು ಊರೆಂಬ ಗುಂಪಿನಲ್ಲಿರದೆ ಒಂದೊಂದು ತೋಟದ ತಲೆಯ ಮೇಲೆ ಒಂದೊಂದಾಗಿ ಒಂಟಿಯಾಗಿ ನಿಂತಿರುತ್ತವೆ. ಡಾಂಬರು ಮುಗಿದ ಮೇಲೆ ಮಣ್ಣಿನ ರಸ್ತೆ, ಅದು ಮುಗಿದ ಮೇಲೆ ಗಾಡಿಯ ಜಾಡು, ಅದೂ ಮುಗಿದ ಮೇಲೆ ಮನೆ. ಗೊಬ್ಬರ, ಸೊಪ್ಪು, ಬೋರ್ಡೊ ದ್ರಾವಣದ ಪೀಪಾಯಿ, ಅಡಿಕೆಯ ಕೊನೆ, ಶಾಲೆಯ ಮಕ್ಕಳು, ನೋವು ಬಂದ ಬಸುರಿ, ಇವರೆಲ್ಲ ಆ ಜಾಡಿನಲ್ಲೇ ಹೋಗಬೇಕು. ನಾಲ್ಕು ಚಕ್ರಗಳಿಗೂ ಬಲ ಹರಿಯುವ ವಾಹನವಲ್ಲದೆ ಬೇರೆಯದು ಅಲ್ಲಿ ಆಷಾಢದಲ್ಲಿ ಅಲುಗಾಡದು. ನಿಟ್ಟೂರಿನ ಕಡೆಯಿಂದ ಯಾತ್ರಿಕರನ್ನು ಕೊಡಚಾದ್ರಿಗೆ ಹತ್ತಿಸುವ ಜೀಪುಗಳನ್ನು ಕಂಡವರಿಗೆ, ಅದು ರಸ್ತೆಯ ಮೇಲೆ ಹೋಗುತ್ತಿದೆಯೋ ಹೊಳೆಯ ತಳದಲ್ಲಿ ಹೋಗುತ್ತಿದೆಯೋ ಎಂಬ ಸಂದೇಹ ಬಂದರೆ ಆಶ್ಚರ್ಯವಲ್ಲ.

ಹಾಗೆಂದು ಜೀಪು ಮಲೆನಾಡಿಗಾಗಿ ಹುಟ್ಟಿದ್ದಲ್ಲ, ಯುದ್ಧಕ್ಕಾಗಿ ಹುಟ್ಟಿದ್ದು. 1940ರಲ್ಲಿ ಅಮೆರಿಕದ ಸೈನ್ಯಕ್ಕೆ ಹಗುರವಾದ ಗಾಡಿಯೊಂದು ಬೇಕಾದಾಗ ಬ್ಯಾಂಟಮ್ ಎಂಬ ಸಣ್ಣ ಕಂಪೆನಿಯು ಮೊದಲ ಮಾದರಿಯನ್ನು ಮಾಡಿಕೊಟ್ಟಿತು. ಅನಂತರ ವಿಲ್ಲಿಸ್ ಕಂಪೆನಿಯೂ, ಅದರ ನಕ್ಷೆಯನ್ನೇ ಅನುಸರಿಸಿ ಫೋರ್ಡ್ ಕಂಪೆನಿಯೂ ಯುದ್ಧ ಮುಗಿಯುವವರೆಗೆ ಸುಮಾರು 6,40,000 ಜೀಪುಗಳನ್ನು ತಯಾರಿಸಿದವು. ಯುದ್ಧಾನಂತರ ಭಾರತದಲ್ಲಿ ಉಳಿದ ಸೇನಾ ಸಾಮಗ್ರಿಯು 'ಡಿಸ್ಪೋಸಲ್' ಮಾರಾಟದಲ್ಲಿ ಸಾಮಾನ್ಯರ ಕೈಗೆ ಬಂದಿತು. 1945ರಲ್ಲಿ ಸ್ಥಾಪಿತವಾಗಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂಬ ಹೆಸರನ್ನು ತಳೆದ ಕಂಪೆನಿಯು ವಿಲ್ಲಿಸ್ ಜೀಪಿನ ಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸುತ್ತ, ಕ್ರಮೇಣ ಇಲ್ಲಿಯೇ ತಯಾರಿಸತೊಡಗಿತು. 1953ರಲ್ಲಿ ಬಂದ ಸಿ.ಜೆ. 3ಬಿ ಮಾದರಿಯ ಎಂಜಿನ್ ಎತ್ತರವಾದುದರಿಂದ ಅದರ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಅಂದಿನಿಂದ ಜೀಪಿನ ಹುಚ್ಚಿನವರಲ್ಲಿ 'ಹೈ ಬಾನೆಟ್', 'ಲೋ ಬಾನೆಟ್' ಎಂಬ ಎರಡು ಜಾತಿಗಳಾದುವು. ಮಿಕ್ಕ ಜಾತಿಗಳಂತೆಯೇ ಇವುಗಳಲ್ಲಿಯೂ ಯಾವುದು ಮೇಲೆಂಬ ವಾದವು ಇನ್ನೂ ಮುಗಿದಿಲ್ಲ.

ಹುಚ್ಚು ಎಂಬ ಮಾತನ್ನು ಇಲ್ಲಿ ವಿಚಾರ ಮಾಡಿಯೇ ಬಳಸಲಾಗಿದೆ. ಜೀಪನ್ನು ಇಟ್ಟುಕೊಳ್ಳುವವರಲ್ಲಿ ಎರಡು ಬಗೆ. ಕೆಲಸಕ್ಕಾಗಿ ಇಟ್ಟುಕೊಂಡವನು ಅದು ನಿಂತಾಗ ಬೈಯುತ್ತಾನೆ. ಪ್ರೀತಿಗಾಗಿ ಇಟ್ಟುಕೊಂಡವನು ಅದು ನಿಂತಾಗ ಸಂತೋಷದಿಂದ ಬಾನೆಟ್ಟು ಎತ್ತುತ್ತಾನೆ. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದ ಹಿರಿಯರು ಹಳೆಯ ಜೀಪು ಕೊಂಡು ನೋಡು ಎನ್ನದೆ ಹೋದುದು ಅವರ ಕಾಲದಲ್ಲಿ ಜೀಪು ಇಲ್ಲದಿದ್ದುದರಿಂದಲೇ. ಈ ಎರಡನೆಯ ಬಗೆಯವರ ಬೆಲೆಯ ಲೆಕ್ಕವು ಅಂಗಡಿಯ ಲೆಕ್ಕವಲ್ಲ. 2020ರಲ್ಲಿ ಮಹೀಂದ್ರದವರ ಹೊಸ ಥಾರ್ ಮಾರಾಟಕ್ಕೆ ಬಂದಾಗ ಅದರ ಆರಂಭದ ಬೆಲೆ ಹತ್ತು ಲಕ್ಷ ರೂಪಾಯಿಗೂ ಒಳಗೆ ಇತ್ತು. ಅದೇ ಗಾಡಿಗಳಲ್ಲಿ ಒಂದನೆಯ ಸಂಖ್ಯೆಯದನ್ನು ಧರ್ಮಾರ್ಥವಾಗಿ ಹರಾಜಿಗಿಟ್ಟರೆ 1 ಕೋಟಿ 11 ಲಕ್ಷ ರೂಪಾಯಿ ಬಂದಿತು. ಕಬ್ಬಿಣ ಒಂದೇ, ಚಕ್ರ ನಾಲ್ಕೇ. ಹೆಚ್ಚಿನ ಒಂದು ಕೋಟಿ ರೂಪಾಯಿ 'ಒಂದು' ಎಂಬ ಅಂಕಿಗೆ, ಮತ್ತು ದಾನದ ಪುಣ್ಯಕ್ಕೆ.

ಸಾಗರದ ಪ್ರೌಢಶಾಲೆಯೊಂದರ ಗಣಿತದ ಉಪಾಧ್ಯಾಯರೊಬ್ಬರಿಗೆ ಈ ಎರಡು ಬಗೆಗಳಲ್ಲಿ ತಾವು ಯಾವುದಕ್ಕೆ ಸೇರಿದವರೆಂಬುದು ಖಚಿತವಾಗಿ ತಿಳಿದಿರಲಿಲ್ಲ. ಅವರ ಹಿರಿಯರ ಮನೆ ಶರಾವತಿಯ ಹಿನ್ನೀರಿನ ಆಚೆ, ತುಮರಿಯ ಕಡೆಯ ಒಂದು ಹಳ್ಳಿಯಲ್ಲಿ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಆ ಸೀಮೆಗೆ ಲಾಂಚೇ ದಾರಿಯಾಯಿತು. ಬಾಲ್ಯದಲ್ಲಿ ಹೊಳೆಬಾಗಿಲಿನ ದಡದಲ್ಲಿ ನಿಂತು, ಲಾಂಚಿನ ಹಲಗೆಯ ಮೇಲೆ ಜೀಪು ಹಿಂದುಮುಂದಾಗಿ ಹತ್ತುವುದನ್ನು ನೋಡುತ್ತಿದ್ದ ಕಾಲದಿಂದಲೂ ಅವರಿಗೆ ಅದರ ಆಸೆ. 2025ರ ಜುಲೈ 14ರಂದು ಅಂಬಾರಗೋಡ್ಲು ಕಳಸವಳ್ಳಿಗಳ ನಡುವಣ ಸೇತುವೆ ತೆರೆದು, ಊರಿಗೆ ಚಕ್ರದ ಮೇಲೆಯೇ ಹೋಗುವ ಹಾಗಾಯಿತು. ಆದರೆ ಮುಖ್ಯ ರಸ್ತೆಯಿಂದ ಮನೆಯವರೆಗಿನ ಮೂರು ಮೈಲಿ ಮಾತ್ರ ಹಿಂದೆ ಹೇಗಿತ್ತೋ ಹಾಗೆಯೇ ಇತ್ತು. ಅಲ್ಲಿ ಅವರ ವೃದ್ಧ ತಾಯಿ ಇದ್ದರು. ಆಸೆಗೆ ಒಂದು ಕಾರಣ ಸಿಕ್ಕರೆ ಸಾಕು. ಆ ವರ್ಷದ ಮಳೆಗಾಲ ಕಳೆದ ಮೇಲೆ ಅವರು ಮೂರೂವರೆ ಲಕ್ಷ ರೂಪಾಯಿಗಳನ್ನು ಬೇರೆ ತೆಗೆದಿಟ್ಟು ಜೀಪಿನ ಬೇಟೆಗೆ ಹೊರಟರು.

ಮೊದಲು ನೋಡಿದ್ದು ಸಾಗರದಲ್ಲಿಯೇ ಹಳೆಯ ವಾಹನಗಳನ್ನು ಕೊಂಡು ಮಾರುವ ಒಬ್ಬ ವ್ಯಾಪಾರಿಯ ಬಳಿ, 1990ರ ದಶಕದ ಎಂ.ಎಂ. 540 ಜೀಪು. ಕೇಳಿದ ಬೆಲೆ 3,80,000.

"ಒಬ್ಬರೇ ಓಡಿಸಿದ ಗಾಡಿ ಸಾರ್. ಡಾಕ್ಟ್ರು. ವಾರಕ್ಕೊಂದ್ಸಲ ತೋಟಕ್ಕೆ ಹೋಗೋಕೆ ಇಟ್ಕೊಂಡಿದ್ರು" ಎಂದರು ವ್ಯಾಪಾರಿ.

ಲೋಕದಲ್ಲಿ ಮಾರಾಟಕ್ಕಿರುವ ಹಳೆಯ ಮೋಟಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿದ್ದರೆ ರೋಗಿಗಳನ್ನು ನೋಡಲು ಅವರಿಗೆ ಬಿಡುವು ಸಿಗುತ್ತಿರಲಿಲ್ಲ. ಉಪಾಧ್ಯಾಯರು ಏನೂ ಮಾತಾಡದೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಹೊತ್ತು ಬೆಳಗಿನ ಎಂಟು ಗಂಟೆ, ಗಾಡಿ ನಿಂತದ್ದು ಮಾಡಿನ ಕೆಳಗೆ, ಬಾನೆಟ್ಟು ಬೆಚ್ಚಗಿತ್ತು. ಹಳೆಯ ಡೀಸಲ್ ಎಂಜಿನ್ನಿನ ನಿಜವಾದ ಆರೋಗ್ಯ ತಿಳಿಯುವುದು ಅದು ರಾತ್ರಿಯೆಲ್ಲ ತಣ್ಣಗಿದ್ದು ಬೆಳಗ್ಗೆ ಎದ್ದಾಗ. ಗಿರಾಕಿ ಬರುವ ಮುಂಚೆಯೇ ಒಮ್ಮೆ ಎಬ್ಬಿಸಿಟ್ಟರೆ ಕೆಮ್ಮು ಕಾಣಿಸುವುದಿಲ್ಲ.

"ಬೆಳಿಗ್ಗೆನೇ ಓಡ್ಸಿದ್ರಾ?"

"ಇಲ್ಲ ಸಾರ್, ಬಿಸಿಲು ಬಿದ್ದಿತ್ತು."

"ಮಾಡಿನೊಳಗೆ?"

ವ್ಯಾಪಾರಿ ನಕ್ಕುಬಿಟ್ಟರು. ಆ ನಗೆಯಿಂದ ಬೆಲೆ ಹತ್ತು ಸಾವಿರ ಇಳಿಯಿತು. ಚಾಪೆ ಎತ್ತಿ ನೋಡಿದಾಗ ನೆಲದ ತಗಡು ತುಕ್ಕು ಹಿಡಿದು ಜಾಲರಿಯಾಗಿದ್ದುದಕ್ಕೆ ಇನ್ನೊಂದು ಹತ್ತು ಇಳಿಯಿತು. ಆಮೇಲೆ ಬೆಲೆ ನಿಂತಿತು. "ಇದಕ್ಕಿಂತ ಕೆಳಗೆ ನನಗೆ ಅಸಲೂ ಬರಲ್ಲ. ಬೇಕಾದ್ರೆ ಈಗ್ಲೇ ಸಂಚಕಾರ ಕೊಟ್ಬಿಡಿ, ಸಂಜೆ ಇನ್ನೊಬ್ರು ಬರೋರಿದ್ದಾರೆ" ಎಂದರು ವ್ಯಾಪಾರಿ. ಸಂಜೆ ಬರುವ ಈ ಗಿರಾಕಿಯನ್ನು ಇದುವರೆಗೆ ಕಣ್ಣಾರೆ ಕಂಡವರಿಲ್ಲ. ಆದರೆ ಅವನಿಗೆ ಹೆದರಿ ಹಣ ಕೊಟ್ಟವರು ಬಹಳ ಮಂದಿ. ಮುಂಗಡಕ್ಕೂ ಅಪಾಯಕ್ಕೂ ಸಂಚಕಾರವೆಂಬ ಒಂದೇ ಮಾತನ್ನಿಟ್ಟ ಪೂರ್ವಿಕರು ವ್ಯವಹಾರ ಬಲ್ಲವರು. ಉಪಾಧ್ಯಾಯರು ಕೊಡಲಿಲ್ಲ. ಆದರೆ ಬೆಚ್ಚಗಿನ ಬಾನೆಟ್ಟಿನ ವಿಷಯವಾಗಿ ಮನೆಗೆ ಹೋಗಿ ಹೆಂಡತಿಯ ಮುಂದೆ ಅರ್ಧ ಗಂಟೆ ಕೋಪ ಮಾಡಿಕೊಂಡರು. "ತನಗೆ ಗೊತ್ತಿರೋದನ್ನ ಮುಚ್ಚಿಟ್ಟು ಮಾರೋದು ವ್ಯಾಪಾರವಲ್ಲ, ಮೋಸ" ಎಂಬುದು ಅವರ ಸಿದ್ಧಾಂತವಾಗಿತ್ತು.

ಈ ಕೋಪಕ್ಕೆ ಶಾಸ್ತ್ರದ ಆಧಾರವೂ ಇದೆ. ಜಾರ್ಜ್ ಏಕರ್‌ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಲೇಖನವನ್ನು ಬರೆದರು. 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ಬಂದಿತು. ಅವರ ವಾದದ ಸಾರವಿಷ್ಟು: ಗಾಡಿಯ ಗುಣದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದುದರಿಂದ ಕೊಳ್ಳುವವನು ಎಲ್ಲ ಗಾಡಿಯನ್ನೂ ಅನುಮಾನಿಸಿ ಕಡಿಮೆ ಬೆಲೆಯನ್ನೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರಲು ಒಪ್ಪುವುದಿಲ್ಲ. ಪೇಟೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಕೆಟ್ಟ ಮೋಟಾರನ್ನು ಅಮೆರಿಕದವರು ನಿಂಬೆಹಣ್ಣೆಂದು ಕರೆಯುತ್ತಾರೆ. ಇಲ್ಲಿಯವರಾದರೋ ಹೊಸ ವಾಹನಕ್ಕೆ ಪೂಜೆ ಮಾಡಿಸಿ ಚಕ್ರದ ಕೆಳಗೆ ನಿಂಬೆಹಣ್ಣನ್ನಿಟ್ಟು ಅರೆಯುತ್ತಾರೆ. ಎರಡು ದೇಶಗಳವರೂ ಒಂದೇ ಭಯವನ್ನು ಬೇರೆಬೇರೆ ರೀತಿಯಲ್ಲಿ ನಿವಾರಿಸಿಕೊಳ್ಳುತ್ತಾರೆಂದು ತೋರುತ್ತದೆ.

ಭಯನಿವಾರಣೆಗಾಗಿ ಉಪಾಧ್ಯಾಯರು ಹಿಡಿದ ದಾರಿ ತೀರ್ಥಹಳ್ಳಿಯದು. ಅಲ್ಲಿ ತುಂಗೆಯ ಸೇತುವೆಯಿಂದ ಸ್ವಲ್ಪ ದೂರದಲ್ಲಿ ನಲವತ್ತು ವರ್ಷಗಳಿಂದ ಜೀಪುಗಳನ್ನೇ ಬಿಚ್ಚಿ ಕಟ್ಟುತ್ತಿರುವ ಒಬ್ಬ ಮೇಸ್ತ್ರಿ ಇದ್ದರು. ಹಿಂದೆ ಎತ್ತಿನ ಜಾತ್ರೆಯಲ್ಲಿ ಸುಳಿ ನೋಡಿ, ಹಲ್ಲು ಎಣಿಸಿ, ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ ದಲ್ಲಾಳಿಗಳ ವಿದ್ಯೆಯೆಲ್ಲ ಈಗ ಇಂತಹವರ ಕೈಗೆ ಬಂದಿದೆ. ಅವರು ಹೇಳಿದರು:

"ಮೇಷ್ಟ್ರೆ, ಜೀಪಿಗೆ ಮೂರು ಬೆಲೆ. ಗುಜರಿಗೆ ಹಾಕಿದ್ರೆ ಎಷ್ಟು ತೂಗ್ತದೆ, ಅದು ಕಬ್ಬಿಣದ ಬೆಲೆ. ಇನ್ನು ಹತ್ತು ವರ್ಷ ಎಷ್ಟು ದುಡೀತದೆ, ಅದು ದುಡಿಮೆ ಬೆಲೆ. ನೋಡಿದ ಕೂಡ್ಲೆ ನಿಮ್ಮ ಮುಖ ಹೆಂಗಾಗ್ತದೆ, ಅದು ಆಸೆ ಬೆಲೆ. ವ್ಯಾಪಾರಿ ಗಾಡಿ ನೋಡಲ್ಲ ಮಾರಾಯ್ರೆ, ನಿಮ್ಮ ಮುಖ ನೋಡ್ತಾನೆ. ದುಡಿಮೆ ಬೆಲೆಗೆ ಸಿಕ್ಕಿದ್ರೆ ತಗೊಳ್ಳಿ. ಆಸೆ ಬೆಲೆ ಕೊಡೋದಾದ್ರೆ, ಕೊಡ್ತಾ ಇದೀನಿ ಅಂತ ಗೊತ್ತಿದ್ದು ಕೊಡಿ."

ಮೇಸ್ತ್ರಿಗೆ ಗೊತ್ತಿದ್ದ ಒಂದು ಗಾಡಿ ಮಾರಾಟಕ್ಕಿತ್ತು. ಹೊಸನಗರ ತಾಲ್ಲೂಕಿನ ನಗರದ ಕಡೆ, ಎರಡು ಎಕರೆ ಅಡಿಕೆ ತೋಟದ ಒಬ್ಬ ಭಟ್ಟರದು. ಅವರ ತಂದೆ 1972ರಲ್ಲಿ ಕೊಂಡ ಲೋ ಬಾನೆಟ್ ಜೀಪು. ಆಗಲೇ ಅದು ಹಳೆಯದು. ಪೆಟ್ರೋಲಿನ ಖರ್ಚು ತಾಳಲಾರದೆ ಮುಂದೆ ಅದಕ್ಕೆ ಡೀಸಲ್ ಎಂಜಿನ್ ಕೂರಿಸಿದ್ದರು. ಕೇಳುವ ಬೆಲೆ ಎರಡೂವರೆ ಲಕ್ಷ. ಮುಂದಿನ ಭಾನುವಾರ ಇಬ್ಬರೂ ಹೋದರು.

ಮನೆಯ ಮುಂದೆ ನಿಂತರೆ ಕೆಳಗೆ ತೋಟ ಕಾಣುತ್ತಿತ್ತು. ಕಾಣದಿದ್ದರೆ ಒಳ್ಳೆಯದಿತ್ತು. ಎಲೆಚುಕ್ಕಿ ರೋಗ ತಗುಲಿದ ಅಡಿಕೆ ಮರಗಳ ಸೋಗೆಗಳು ಹಳದಿಯಾಗಿ, ಆಮೇಲೆ ಕಂದಾಗಿ, ಸುಟ್ಟ ಹಾಗೆ ಜೋತುಬಿದ್ದಿದ್ದವು. ಶಿಲೀಂಧ್ರದಿಂದ ಬರುವ ಈ ರೋಗವು ಮಳೆ ಹೆಚ್ಚಾದ ಘಟ್ಟದಂಚಿನ ತೋಟಗಳನ್ನು ಕೆಲವು ವರ್ಷಗಳಿಂದ ಹಿಡಿದು ಕಾಡುತ್ತಿದೆ. ಎಲೆ ಹೋದರೆ ಮರಕ್ಕೆ ಅನ್ನವಿಲ್ಲ, ಫಸಲು ಇಳಿಯುತ್ತದೆ, ಮರವೇ ಸೊರಗುತ್ತದೆ. ಔಷಧ ಹೊಡೆಸಲು ಆಳು ಬೇಕು, ಆಳಿಗೆ ಹಣ ಬೇಕು, ಹಣಕ್ಕೆ ಅಡಿಕೆ ಬೇಕು. ಈ ಚಕ್ರದಿಂದ ಹೊರಬರಲು ಭಟ್ಟರಿಗೆ ಕಂಡ ಒಂದೇ ದಾರಿ ಅಂಗಳದಲ್ಲಿದ್ದ ನಾಲ್ಕು ಚಕ್ರ.

ಉಪಾಧ್ಯಾಯರು ಅಂಗಿ ಕಳಚಿಟ್ಟು, ಟಾರ್ಚು ಹಿಡಿದು, ಗೋಣಿಯ ಮೇಲೆ ಮಲಗಿ ಜೀಪಿನ ಕೆಳಗೆ ಸರಿದರು. ವಿಲ್ಲಿಸ್ ಜೀಪಿನಲ್ಲಿ ಚಾಸಿಯ ಮುಂದಿನ ಅಡ್ಡಪಟ್ಟಿಯು ದುಂಡನೆಯ ಕೊಳವೆಯಾಗಿರುತ್ತದೆ. ಇಲ್ಲಿ ಅದು ಕೊಳವೆಯಾಗಿರದೆ, ಬೋರಲು ಹಾಕಿದ ತೊಟ್ಟಿಯಂತೆ ಚೌಕವಾಗಿತ್ತು. ಅವರ ಎದೆ ಡವಗುಟ್ಟಿತು. ಒಂದು ಬೋಲ್ಟಿನ ತಲೆಯ ಮೇಲಿನ ಮಣ್ಣನ್ನು ಉಗುರಿನಿಂದ ಕೆರೆದರು. ಬಾಗಿದ ಬರಹದಲ್ಲಿ ಇಂಗ್ಲಿಷಿನ 'ಎಫ್' ಅಕ್ಷರ. ಇನ್ನೊಂದನ್ನು ಕೆರೆದರು, ಅಲ್ಲಿಯೂ ಅದೇ. ಯುದ್ಧಕಾಲದಲ್ಲಿ ಫೋರ್ಡ್ ಕಂಪೆನಿಯವರು ತಾವು ಮಾಡಿದ ಜೀಪಿನ ಭಾಗಗಳ ಮೇಲೆಲ್ಲ ಈ ಅಕ್ಷರವನ್ನು ಒತ್ತುತ್ತಿದ್ದರು. ಅಂದರೆ ಇದು 1942ರಿಂದ 1945ರೊಳಗೆ ಹುಟ್ಟಿದ ಫೋರ್ಡ್ ಜಿ.ಪಿ.ಡಬ್ಲ್ಯು. ಎದ್ದು ಬಂದು ಮುಂದಿನ ಗ್ರಿಲ್ಲಿನ ಸೀಳುಗಳನ್ನು ಎಣಿಸಿದರು. ಯುದ್ಧಾನಂತರದ ಜೀಪುಗಳಲ್ಲಿರುವಂತೆ ಏಳಲ್ಲ, ಒಂಬತ್ತು. ಎಡಬದಿಯ ಚಾಸಿಯ ಮೇಲೆ ಒತ್ತಿದ್ದ ಸಂಖ್ಯೆಯನ್ನು ಒರೆಸಿ ಓದಿಕೊಂಡರು.

"ಹಳೇ ಎಂಜಿನ್ ಏನ್ಮಾಡಿದ್ರಿ ಭಟ್ರೆ?" ಎಂದು ಆದಷ್ಟು ಉದಾಸೀನವಾಗಿ ಕೇಳಿದರು.

"ಕೊಟ್ಟಿಗೆಲಿ ಬಿದ್ದಿದೆ. ಗುಜರಿಯವನು ಸಾವಿರದೈನೂರಕ್ಕೆ ಕೇಳಿದ್ದ. ಎತ್ತೋರು ಯಾರು ಅಂತ ಬಿಟ್ಟೆ. ಈಗ ಅದಕ್ಕೆ ಕರು ಕಟ್ತೀವಿ."

ಕರುವನ್ನು ಆಚೆಗೆ ಸರಿಸಿ ನೋಡಿದಾಗ ಎಂಜಿನ್ನಿನ ಮೇಲಿನ ಸಂಖ್ಯೆಯೂ ಚಾಸಿಯ ಸಂಖ್ಯೆಯೂ ಒಂದೇ ಆಗಿದ್ದವು. ಫೋರ್ಡಿನವರು ಎರಡಕ್ಕೂ ಒಂದೇ ಸಂಖ್ಯೆಯನ್ನು ಕೊಡುತ್ತಿದ್ದರು; ಆದರೆ ಎಂಬತ್ತು ವರ್ಷಗಳ ಮೇಲೂ ಆ ಜೋಡಿ ಒಂದೇ ಮನೆಯಲ್ಲಿ ಉಳಿದಿರುವುದು ಬಹಳ ಅಪೂರ್ವ. ಬಲ್ಲ ಸಂಗ್ರಾಹಕರು ಇದಕ್ಕೆ ಕೇಳಿದ ಬೆಲೆಯ ಎರಡರಷ್ಟನ್ನು ಕಣ್ಣು ಮುಚ್ಚಿ ಕೊಟ್ಟಾರು. ಮೇಸ್ತ್ರಿಯೂ ಎಲ್ಲವನ್ನೂ ನೋಡಿದರು. ಆದರೆ ಕಂಡವರಂತೆ ಮುಖ ಮಾಡಲಿಲ್ಲ. ಅವರನ್ನು ಕರೆತಂದವರು ಉಪಾಧ್ಯಾಯರು. ಹೇಳುವುದೂ ಬಿಡುವುದೂ ಅವರಿಗೆ ಸೇರಿದ್ದು.

ಜಗುಲಿಯ ಮೇಲೆ ಕಾಫಿ ಬಂದಿತು. ಎರಡೂವರೆ ಲಕ್ಷ ರೂಪಾಯಿ ಉಪಾಧ್ಯಾಯರ ಚೀಲದಲ್ಲಿತ್ತು. ಆ ಲೋಟದ ಕಾಫಿ ಮುಗಿಯುವಷ್ಟರೊಳಗೆ ಅವರ ಮನಸ್ಸು ಎಷ್ಟು ವಾದಗಳನ್ನು ಹೂಡಿತೋ! ಮಾರುವವನಿಗೆ ಅವನ ವಸ್ತುವಿನ ಪಾಠ ಹೇಳಬೇಕೆಂದು ಯಾವ ಕಾನೂನೂ ಇಲ್ಲ. ಐವತ್ತು ವರ್ಷ ಇಟ್ಟುಕೊಂಡವರಿಗೆ ತಿಳಿಯದಿದ್ದರೆ ಅದು ಯಾರ ತಪ್ಪು? ಬೆಲೆ ಹೇಳಿದವರು ಅವರೇ. ತಾನೇನು ಇದನ್ನು ಮರುದಿನ ಮಾರುವವನೇ? ಮಗುವಿನಂತೆ ನೋಡಿಕೊಳ್ಳುವವನು. ಒಂದೊಂದು ವಾದವೂ ಸರಿಯಾಗಿಯೇ ಇತ್ತು. ಆದರೆ ಹಿಂದಿನ ವಾರ ಬಾನೆಟ್ಟು ಬಿಸಿ ಮಾಡಿಟ್ಟ ವ್ಯಾಪಾರಿಯ ಮೇಲೆ ತಾವು ಹೆಂಡತಿಯ ಮುಂದೆ ಮಂಡಿಸಿದ ಸಿದ್ಧಾಂತಕ್ಕೂ ಈ ವಾದಗಳಿಗೂ ಸಮೀಕರಣ ಕೂಡಿಬರಲಿಲ್ಲ. ಅಲ್ಲಿ ಗೊತ್ತಿದ್ದವನು ಮಾರುವವನು, ಇಲ್ಲಿ ಗೊತ್ತಿದ್ದವನು ಕೊಳ್ಳುವವನು. ಪಕ್ಷ ಬದಲಾದರೆ ಚಿಹ್ನೆ ಬದಲಾಗಬಹುದು, ಮೌಲ್ಯ ಬದಲಾಗದು. ಗಣಿತದ ಉಪಾಧ್ಯಾಯರಿಗೆ ಇದಕ್ಕಿಂತ ದೊಡ್ಡ ಅಡಚಣೆ ಇನ್ನೇನು ಬೇಕು? ಎದುರಿಗೆ ಸುಟ್ಟ ಸೋಗೆಗಳು ಕಾಣುತ್ತಿದ್ದವು. ಅವರು ಲೋಟವನ್ನು ಕೆಳಗಿಟ್ಟು ಎಲ್ಲವನ್ನೂ ಹೇಳಿಬಿಟ್ಟರು.

ಭಟ್ಟರು ಕೇಳಿ ಬಹಳ ಹೊತ್ತು ನಕ್ಕರು. ಆಮೇಲೆ ಜಗತ್ತಿನ ಯಾವ ಪೇಟೆಯಲ್ಲಿಯೂ ನಡೆಯದ ಒಂದು ಚೌಕಾಶಿ ಆ ಜಗುಲಿಯಲ್ಲಿ ನಡೆಯಿತು.

"ಮೇಷ್ಟ್ರೆ, ನಾನು ಎರಡೂವರೆ ಅಂದಿದ್ದೀನಿ. ಆಡಿದ ಮಾತು ಆಡಿದ್ದೆ. ನೀವೇ ತಗೊಂಡು ಹೋಗಿ."

"ಹಾಗಾಗೋದಿಲ್ಲ ಭಟ್ರೆ. ನನ್ನ ಹತ್ರ ಇರೋದೇ ಮೂರೂವರೆ. ಅಷ್ಟೂ ಕೊಟ್ರೂ ಅದು ಕಡಿಮೆ."

"ಮೂರೂವರೆ ಯಾಕೆ ಕೊಡ್ತೀರಿ? ಎರಡೂವರೆನೇ ಸಾಕು."

"ಸಾಕಾಗೋದಿಲ್ಲ ಅಂತಲೇ ಹೇಳ್ತಾ ಇರೋದು."

ಮಾರುವವನು ಇಳಿಸುತ್ತಿದ್ದಾನೆ, ಕೊಳ್ಳುವವನು ಏರಿಸುತ್ತಿದ್ದಾನೆ. ಏಕರ್‌ಲಾಫರು ಇದನ್ನು ಕೇಳಿದ್ದರೆ ಇನ್ನೊಂದು ಲೇಖನ ಬರೆಯಬೇಕಾಗುತ್ತಿತ್ತು. ಮುಖದಾಕ್ಷಿಣ್ಯವೆಂಬುದು ಮಲೆನಾಡಿನ ದೊಡ್ಡ ಗುಣವೂ ಹೌದು, ದೊಡ್ಡ ಖರ್ಚೂ ಹೌದು. ಅದನ್ನು ನಿಲ್ಲಿಸಿದವರು ಬಾಗಿಲ ಬಳಿ ನಿಂತು ಕೇಳುತ್ತಿದ್ದ ಭಟ್ಟರ ಪತ್ನಿ.

"ನಿಮ್ಮಿಬ್ಬರ ದಾಕ್ಷಿಣ್ಯ ಮುಗಿಯೋ ಹೊತ್ತಿಗೆ ತೋಟ ಮುಗೀತದೆ" ಎಂದರು ಅವರು. "ಮೇಷ್ಟ್ರೆ, ನೀವು ಹೇಳಿದ್ದು ದೊಡ್ಡ ಉಪಕಾರ. ಇನ್ನೊಂದು ಉಪಕಾರ ಮಾಡಿ. ಇದಕ್ಕೆ ನಿಜವಾದ ಬೆಲೆ ಕೊಡೋರು ಯಾರು, ಅವರಿಗೆ ಒಂದು ಫೋನು ಮಾಡಿ."

ಆ ಮನೆಯಲ್ಲಿ ಮಾವನವರು ಆರಂಭಿಸಿದ ಒಂದು ಕಿರ್ದಿ ಪುಸ್ತಕವಿತ್ತು. ಮಾವನವರು ತೀರಿಕೊಂಡ ಮೇಲೆ ಅದನ್ನು ಬರೆಯುತ್ತ ಬಂದವರು ಈ ಸೊಸೆ. ತೋಟಕ್ಕೆ ಒಂದು ಖಾತೆ, ಕೊಟ್ಟಿಗೆಗೆ ಒಂದು ಖಾತೆ, ಜೀಪಿಗೂ ಒಂದು ಖಾತೆ. ಟೈರು, ಪಾಟಾ, ಬ್ಯಾಟರಿ, ಎಫ್.ಸಿ., ಮೇಸ್ತ್ರಿಯ ಕೂಲಿ, ಎಲ್ಲವೂ ತೇದಿಯೊಡನೆ ಇದ್ದವು. ಕಾಗದಪತ್ರಗಳ ಕಂತೆಯಲ್ಲಿ 1972ರ ರಸೀದಿಯೂ ಮೊದಲಿನ ಆರ್.ಸಿ. ಪುಸ್ತಕವೂ ಹಾಗೆಯೇ ಇದ್ದವು.

ಹದಿನೈದು ದಿನದೊಳಗೆ ಬೆಂಗಳೂರಿನಿಂದ ಒಬ್ಬ ಸಂಗ್ರಾಹಕರು ಬಂದರು. ನೋಡಿ ಐದು ಲಕ್ಷ ಎಂದರು. ಭಟ್ಟರು ಒಪ್ಪಿಬಿಡುವವರಿದ್ದರು. ಅಮ್ಮನವರು ಮಾತ್ರ, "ಅದು ಜೀಪಿಗೆ. ಎಂಜಿನ್ ಬೇರೆ, ಅಟ್ಟದ ಮೇಲಿರೋ ಹಳೇ ಸಾಮಾನು ಬೇರೆ" ಎಂದರು. ಎಲ್ಲ ಅಡಿಕೆಯನ್ನೂ ಒಟ್ಟಿಗೆ ತೂಗಿದರೆ ರಾಶಿಯ ಬೆಲೆ. ಸರಕನ್ನು ಬೇರೆ ಆಯ್ದಿಟ್ಟರೆ ಸರಕಿನ ಬೆಲೆ. ಅಡಿಕೆ ಆರಿಸಿದ ಕೈಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೊನೆಗೆ ವ್ಯವಹಾರ 6,25,000 ರೂಪಾಯಿಗೆ ಕುದುರಿತು.

ಸಂಗ್ರಾಹಕರು ಸಜ್ಜನರು; ಮುಂದೆ ಮಾಡುವುದನ್ನು ವಿವರಿಸಿದರು. ಹಳೆಯ ಎಂಜಿನ್ನನ್ನೇ ಮತ್ತೆ ಕೂರಿಸಿ, ಜೀಪನ್ನು ಮೂಲರೂಪಕ್ಕೆ ತಂದು, ವಿಂಟೇಜ್ ವಾಹನವೆಂದು ನೋಂದಾಯಿಸುವುದು ಅವರ ಉದ್ದೇಶ. 2021ರ ಜುಲೈಯಲ್ಲಿ ಕೇಂದ್ರ ಸರಕಾರವು ಮಾಡಿದ ನಿಯಮದಂತೆ ಐವತ್ತು ವರ್ಷ ಮೀರಿ, ಚಾಸಿ, ದೇಹ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆಯಿಲ್ಲದೆ ಉಳಿದ ಖಾಸಗಿ ವಾಹನಗಳಿಗೆ 'ವಿ.ಎ.' ಎಂಬ ಅಕ್ಷರಗಳುಳ್ಳ ಬೇರೆ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಅವಧಿ ಹತ್ತು ವರ್ಷ. ಆದರೆ ಅಂತಹ ವಾಹನವನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಎಣ್ಣೆ ತುಂಬಿಸಲು, ರಿಪೇರಿಗೆ ಇಂತಹ ಕೆಲಸಗಳಿಗಲ್ಲದೆ ದಿನಬಳಕೆಗೆ ರಸ್ತೆಗೆ ತರುವಂತಿಲ್ಲ.

"ಹಾಗಾದ್ರೆ ಸಂತೆಗೂ ಹೋಗೋ ಹಾಗಿಲ್ವ?" ಎಂದು ಭಟ್ಟರು ಕೇಳಿದರು.

"ಇಲ್ಲ."

"ಗೊಬ್ಬರ?"

ಸಂಗ್ರಾಹಕರು ನಕ್ಕರು. ಭಟ್ಟರು ಆಮೇಲೆ, "ಐವತ್ತು ವರ್ಷ ದುಡಿದಿದೆ. ಪೆನ್ಷನ್ ಅಂತ ತಿಳಿಯೋಣ" ಎಂದು ಒಳಗೆ ಹೋದರು. ಹೋದವರು ಜೀಪು ಲಾರಿಯ ಮೇಲೆ ಹತ್ತುವವರೆಗೂ ಹೊರಗೆ ಬರಲಿಲ್ಲ. ಪ್ರೀತಿಯ ಬೆಲೆ ಏರಿದಷ್ಟೂ ವಸ್ತುವು ದುಡಿಮೆಯಿಂದ ದೂರವಾಗುವುದು ಈ ಕಾಲದ ಒಂದು ವಿಚಿತ್ರ. ಕಡೆಗೋಲು, ಕಂಚಿನ ದೀಪ, ಮನೆಯ ಕೆತ್ತನೆಯ ಕಂಬ ಮೊದಲಾದುವು ಮಲೆನಾಡಿನಿಂದ ಹೀಗೆಯೇ ಹೋಗಿ ನಗರದ ಗೋಡೆಗಳನ್ನು ಸೇರಿವೆ. ಹೋಗಬಾರದೆನ್ನುವವರು ಮೊದಲು ತೋಟದ ಖರ್ಚನ್ನು ಕೊಡಬೇಕಾಗುತ್ತದೆ.

ದಲ್ಲಾಳಿಯ ಹಣವೆಂದು ಭಟ್ಟರು ಕೊಡಬಂದುದನ್ನು ಉಪಾಧ್ಯಾಯರು ಮುಟ್ಟಲಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಭರಣಿಯನ್ನು ಮಾತ್ರ ಬೇಡವೆನ್ನಲು ಆಗಲಿಲ್ಲ.

ಉಪಾಧ್ಯಾಯರು ಮತ್ತೆ ಸಾಗರದ ವ್ಯಾಪಾರಿಯ ಬಳಿಗೇ ಹೋದರು. ಸಂಜೆಯ ಗಿರಾಕಿ ಇನ್ನೂ ಬಂದಿರಲಿಲ್ಲ, ಎಂ.ಎಂ. 540 ಅಲ್ಲಿಯೇ ನಿಂತಿತ್ತು. ಈ ಸಲ ಮೇಸ್ತ್ರಿಯೂ ಜೊತೆಗಿದ್ದರು. ಹಿಂದಿನ ರಾತ್ರಿಯೇ ಹೇಳಿ, ತಣ್ಣಗಿರುವಾಗಲೇ ಎಂಜಿನ್ ಎಬ್ಬಿಸಿದರು. ಸ್ವಲ್ಪ ಬಿಳಿಯ ಹೊಗೆ ಬಂದು ನಿಂತಿತು. ಎಂಜಿನ್ ಆಯಿಲ್ ಉರಿದರೆ ಬರುವ ನೀಲಿ ಹೊಗೆ ಇರಲಿಲ್ಲ. ಕೆಸರಿನಲ್ಲಿ ಇಳಿಸಿ ಫೋರ್ ವೀಲ್ ಹಾಕಿ ನೋಡಿದರು. ಆರ್.ಸಿ. ಪುಸ್ತಕದ ಸಂಖ್ಯೆಯನ್ನು ಚಾಸಿಯ ಸಂಖ್ಯೆಯೊಡನೆ ಹೋಲಿಸಿದರು; ಬ್ಯಾಂಕಿನ ಸಾಲದ ನಮೂದು ತೀರಿದೆಯೇ ಎಂದು ನೋಡಿದರು. ಉಪಾಧ್ಯಾಯರು ಮರೆಮಾಚದೆ ಹೇಳಿದರು: "ನೋಡಿ, ಗಾಡಿ ನನಗೆ ಬೇಕು. ನೆಲದ ತಗಡಿಗೆ, ಟೈರಿಗೆ ಎಪ್ಪತ್ತು ಸಾವಿರ ಆಗ್ತದೆ ಅಂತ ಮೇಸ್ತ್ರಿ ಹೇಳ್ತಾರೆ. ನಿಮ್ಮ ಅಸಲು ಎಷ್ಟು, ಅದನ್ನು ಹೇಳಿ." ವ್ಯಾಪಾರಿಯೂ ಬಹುಶಃ ಬೇಸತ್ತಿದ್ದರು. ನಾಲ್ಕು ತಿಂಗಳಿಂದ ಅದರಲ್ಲಿ ಸಿಕ್ಕಿಬಿದ್ದ ಹಣಕ್ಕೆ ಬಡ್ಡಿ ಕಟ್ಟುತ್ತಿರುವುದನ್ನೂ ಜಾಗದ ಬಾಡಿಗೆಯನ್ನೂ ಹೇಳಿಕೊಂಡರು. ಡಾಕ್ಟರ ಕಥೆಯನ್ನು ಎರಡನೆಯ ಸಲ ಹೇಳಲಿಲ್ಲ. 3,05,000ಕ್ಕೆ ಮಾತು ಮುಗಿಯಿತು.

ಕೊಂಡ ಮೇಲೆ ಕೆಲಸ ಮುಗಿಯಿತೆಂದು ತಿಳಿಯುವವರು ಅನೇಕರು. ಮಾರಿದವನು ಹದಿನಾಲ್ಕು ದಿನದೊಳಗೆ, ಕೊಂಡವನು ಮೂವತ್ತು ದಿನದೊಳಗೆ ಹಸ್ತಾಂತರವನ್ನು ಸಾರಿಗೆ ಕಚೇರಿಗೆ ತಿಳಿಸಬೇಕೆಂದು ಕಾಯಿದೆ. ಹೆಸರು ಬದಲಾಗದೆ ಉಳಿದ ಗಾಡಿಯಿಂದ ಅಪಘಾತವಾದರೆ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವವನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಹದಿನೈದು ವರ್ಷ ಮೀರಿದ ಕಾರು ಜೀಪುಗಳ ನೋಂದಣಿಯ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕವು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ಮೀರಿದವುಗಳಿಗೆ 10,000 ಆಯಿತು. ಹಸಿರು ತೆರಿಗೆ, ವಿಮೆ ಬೇರೆ. ಇವನ್ನೆಲ್ಲ ಕೊಳ್ಳುವ ಬೆಲೆಯೊಡನೆ ಕೂಡಿಸಿ ನೋಡದೆ ಹೊರಟವನ ಚೌಕಾಶಿಯು, ಆನೆ ಕೊಂಡು ಅಂಕುಶಕ್ಕೆ ಜಗಳವಾಡಿದಂತೆ. ಉಪಾಧ್ಯಾಯರು ಕೂಡಿಸಿ ನೋಡಿದ್ದರು. ಆ ಮಾರ್ಗಶಿರದ ಒಂದು ಮುಂಜಾನೆ ಜೀಪು ಸೇತುವೆಯನ್ನು ದಾಟಿ, ಆ ಮೂರು ಮೈಲಿಯನ್ನೂ ದಾಟಿ, ತಾಯಿಯ ಅಂಗಳದಲ್ಲಿ ನಿಂತಿತು. ತಾಯಿ ಅದನ್ನು ನೋಡಿ ಕೇಳಿದ ಮೊದಲ ಮಾತು, "ಎಷ್ಟಾಯ್ತು?" ಎಂಬುದೇ.

ಹೊಸನಗರದ ಮನೆಯಲ್ಲಿ ಆ ಹಣ ಬಹಳ ದಿನ ನಿಲ್ಲಲಿಲ್ಲ. ಸೊಸೈಟಿಯ ಸಾಲದ ಕಂತು, ಮೈಲುತುತ್ತ, ಸುಣ್ಣ, ಔಷಧ ಹೊಡೆಯುವ ಆಳಿನ ಕೂಲಿ, ಸತ್ತ ಮರಗಳ ಜಾಗಕ್ಕೆ ಸಸಿ, ಹೀಗೆ ಒಂದೊಂದಾಗಿ ತೋಟದ ಖಾತೆಗೆ ಇಳಿಯಿತು. ಎಲ್ಲ ಬರೆದಾದ ಮೇಲೆ ಒಂದು ರಾತ್ರಿ ಅಮ್ಮನವರು ಜೀಪಿನ ಖಾತೆಯನ್ನು ತೆರೆದು, 1972ರಿಂದ ಮೊದಲುಗೊಂಡು ಅದಕ್ಕೆ ಸುರಿದುದನ್ನೆಲ್ಲ ಕೂಡಿಸಿದರು. ಬಂದ ಆರು ಲಕ್ಷದ ಇಪ್ಪತ್ತೈದು ಸಾವಿರಕ್ಕಿಂತ ಹೋದದ್ದೇ ಬಹಳ ಹೆಚ್ಚಾಗಿತ್ತು. ಮೊತ್ತದ ಕೆಳಗೆ ಎರಡು ಗೆರೆ ಎಳೆದು ಖಾತೆಯನ್ನು ಮುಗಿಸಿ, ಭಟ್ಟರಿಗೆ ಅದನ್ನು ತೋರಿಸದೆ ಪುಸ್ತಕವನ್ನು ಅದರ ಜಾಗದಲ್ಲಿಟ್ಟು ದೀಪ ಆರಿಸಿದರು.